ಕರೆಗೆ ಓಗೊಟ್ಟು ಬರುವವರು ಯಾರು?

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಪ್ರಾಣ ಕಳೆದುಕೊಂಡ ಬಳಿಕ, ಪೊಲೀಸ್ ಇಲಾಖೆಯ ಹಣವನ್ನು ಸಮುದಾಯದ ಸೇವೆಗಳಿಗೆ ತಿರುಗಿಸಬೇಕೆಂಬ ಕೂಗು ಅಮೆರಿಕದ ಊರೂರುಗಳಲ್ಲಿ ಎದ್ದಿತು. ಕೂಗು ಈಗ ತಣ್ಣಗಾಗಿದ್ದರೂ ಪ್ರಶ್ನೆ ಬಗೆಹರಿದಿಲ್ಲ. ಅಮೆರಿಕದಲ್ಲಿರುವ ನಮ್ಮ ಕನ್ನಡ ಕೂಟದ ಸದಸ್ಯರಲ್ಲಿ ಅನೇಕರು ಇದನ್ನು ತಮಗೆ ಸಂಬಂಧಪಡದ ಜಗಳವೆಂದು ಬದಿಗಿರಿಸುವುದನ್ನು ಕಂಡೇ ಈ ಬಾರಿಯ ಸಂಪಾದಕೀಯವನ್ನು ಇದಕ್ಕೆ ಮೀಸಲಿಟ್ಟಿದ್ದೇನೆ.

ಸಂಬಂಧವಿದೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ಮಗನ ಮನೆಯ ಬೀದಿಯಲ್ಲಿ ನಡೆದು ಹೋಗುತ್ತಿದ್ದರು. ಅನುಮಾನಾಸ್ಪದ ವ್ಯಕ್ತಿಯೆಂದು ನೆರೆಯವರೊಬ್ಬರು ಪೊಲೀಸರಿಗೆ ಕರೆ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ ಪರಿಣಾಮ ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟು, ಬೇಲಿಯಿಲ್ಲದ ಯಾರದೋ ಅಂಗಳದ ಮುಂದೆ ನಿಂತು, ಪೂಜೆಗೆಂದು ಎರಡು ಹೂ ಕಿತ್ತುಕೊಳ್ಳುವ ನಮ್ಮ ಅಪ್ಪಂದಿರ ಚಿತ್ರ ಇದನ್ನು ಓದುವಾಗ ಯಾರ ಕಣ್ಣಮುಂದೆ ಬರುವುದಿಲ್ಲ?

ಹಾಗೆಂದು ಪೊಲೀಸರೇ ಬೇಡವೆನ್ನುವವನು ನಾನಲ್ಲ. (ರಾಜ್ಯೋತ್ಸವದ ಸಭಾಂಗಣಕ್ಕೆ ಕಾವಲಿಗೆಂದು ನಾವೇ ಹಣ ತೆತ್ತು ಪೊಲೀಸರನ್ನು ಕರೆಸುತ್ತೇವೆ, ಲೆಕ್ಕಪತ್ರದ ಆ ಸಾಲನ್ನು ಸರ್ವಸದಸ್ಯರ ಸಭೆಯಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ.) ಕಳ್ಳತನಕ್ಕೂ ಗುಂಡಿನ ಸದ್ದಿಗೂ ಅವರೇ ಬರಬೇಕು. ಆದರೆ ಮನಸ್ಸು ಕದಡಿದ ಹುಡುಗನ ಮನೆಗೆ, ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದ ಹಿರಿಯರ ಬಳಿಗೆ, ಪಾರ್ಕಿನ ಬೆಂಚಿನ ಮೇಲೆ ಮಲಗಿದವರ ಬಳಿಗೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡವರನ್ನೇ ಕಳುಹಿಸುವುದೇಕೆ?

ಇದಕ್ಕೆ ಡೆನ್ವರ್ ಕೊಟ್ಟ ಉತ್ತರವನ್ನು ಗಮನವಿಟ್ಟು ನೋಡಬೇಕು. 2020ರ ಜೂನ್‌ನಲ್ಲಿ ಆ ನಗರ ‘ಸ್ಟಾರ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ತುರ್ತು ನೆರವಿನ ಸಂಖ್ಯೆಯಾದ 911ಕ್ಕೆ ಬಂದ ಕರೆಗಳಲ್ಲಿ ಹಿಂಸೆಯ ಸುಳಿವಿಲ್ಲದವನ್ನು ಆರಿಸಿ, ಮಾನಸಿಕ ಆರೋಗ್ಯ ತಜ್ಞರೊಬ್ಬರು ಮತ್ತು ಪ್ಯಾರಾಮೆಡಿಕ್ ಒಬ್ಬರು ಇರುವ ವ್ಯಾನನ್ನು ಅಲ್ಲಿಗೆ ಕಳುಹಿಸಲಾಯಿತು. ಮೊದಲ ಆರು ತಿಂಗಳಲ್ಲಿ 748 ಕರೆಗಳಿಗೆ ಈ ತಂಡ ಹೋಯಿತು; ಒಬ್ಬರ ಬಂಧನವೂ ಆಗಲಿಲ್ಲ. ಸೇವೆ ಇದ್ದ ಪ್ರದೇಶಗಳಲ್ಲಿ ಸಣ್ಣಪುಟ್ಟ ಅಪರಾಧಗಳ ವರದಿ ಶೇ. 34ರಷ್ಟು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಇದಕ್ಕೆ ಆರಂಭದ ಹಣ ಬಂದದ್ದು ಪೊಲೀಸರ ಬಜೆಟ್ಟಿನಿಂದಲ್ಲ, ಮಾನಸಿಕ ಆರೋಗ್ಯಕ್ಕೆಂದೇ 2018ರಲ್ಲಿ ಮತದಾರರು ಒಪ್ಪಿದ ಶೇ. 0.25ರ ಮಾರಾಟ ತೆರಿಗೆಯಿಂದ.

ಆಸ್ಟಿನ್ ನಗರ ಇನ್ನೊಂದು ದಾರಿ ಹಿಡಿಯಿತು. 2020ರ ಆಗಸ್ಟ್‌ನಲ್ಲಿ ಪೊಲೀಸ್ ಬಜೆಟ್ಟಿನ ಮೂರನೆಯ ಒಂದು ಭಾಗದಷ್ಟನ್ನು ಕಡಿಯುವುದಾಗಿ, ತಿರುಗಿಸುವುದಾಗಿ ಅದು ಘೋಷಿಸಿತು. ಮರುವರ್ಷ ಹೀಗೆ ಕಡಿತ ಮಾಡುವ ನಗರಗಳನ್ನು ದಂಡಿಸುವ ಕಾನೂನನ್ನು ಟೆಕ್ಸಸ್ ರಾಜ್ಯ ತಂದಾಗ ಹಣವೆಲ್ಲ ಹಿಂದಿರುಗಿತು. ಮಿನಿಯಾಪೊಲಿಸ್‌ನಲ್ಲೇ 2021ರ ನವೆಂಬರ್‌ನಲ್ಲಿ ಪೊಲೀಸ್ ಇಲಾಖೆಯ ಬದಲು ಬೇರೊಂದು ಇಲಾಖೆ ಕಟ್ಟುವ ಪ್ರಸ್ತಾವವನ್ನು ಜನ ಸೋಲಿಸಿದರು. ಹೊಸ ಸೇವೆಯೊಂದು ತಮ್ಮ ಬಾಗಿಲಿಗೆ ಬರುವುದನ್ನು ಕಾಣುವ ಮೊದಲು ಹಳೆಯದನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರುವುದಿಲ್ಲ, ಅದು ತಪ್ಪೂ ಅಲ್ಲ.

ಹಾಗಾಗಿ ಹಣ ತಿರುಗಬೇಕು, ಆದರೆ ಹೊಸ ಸೇವೆ ಮೊದಲು ನೆಲೆಗೊಳ್ಳಬೇಕು ಎಂಬುದು ನನ್ನ ನಿಲುವು. ನೆಲೆಗೊಂಡ ಸೇವೆಗೆ ವರ್ಷವರ್ಷವೂ ಖಾತ್ರಿಯ ಹಣವೂ ಬೇಕು. ಆರೆಗಾನ್‌ನ ಯೂಜೀನ್‌ನಲ್ಲಿ 1989ರಿಂದ ನಡೆದು ದೇಶಕ್ಕೇ ಮಾದರಿಯೆನಿಸಿದ್ದ, ಪೊಲೀಸರ ಬದಲು ಇಂಥ ಕರೆಗಳಿಗೆ ಹೋಗುತ್ತಿದ್ದ ‘ಕಹೂಟ್ಸ್’ ತಂಡ 2025ರ ಏಪ್ರಿಲ್‌ನಲ್ಲಿ ಆ ನಗರದಲ್ಲಿ ಕೆಲಸ ನಿಲ್ಲಿಸಿದ್ದು, ಅದನ್ನು ನಡೆಸುತ್ತಿದ್ದ ಸಂಸ್ಥೆಯ ಹಣಕಾಸಿನ ಮುಗ್ಗಟ್ಟಿನಿಂದ.

ನಗರಸಭೆಗಳ ಬಜೆಟ್ ಅಹವಾಲು ಸಭೆಗಳಲ್ಲಿ ಯಾರು ಬೇಕಾದರೂ ಎರಡು ಮೂರು ನಿಮಿಷ ಮಾತನಾಡಬಹುದು. ನಮ್ಮವರು ಅಲ್ಲಿ ಕಾಣಸಿಗುವುದು ಅಪರೂಪ. ಈ ಸಲ ಹೋಗುವವರು ಇಷ್ಟನ್ನಾದರೂ ಕೇಳಲಿ: ನಮ್ಮ ಊರಿನಲ್ಲಿ ಇಂಥ ತಂಡವಿದೆಯೇ, 911ರಿಂದಲೇ ಅದಕ್ಕೆ ಕರೆ ಹೋಗುತ್ತದೆಯೇ, ರಾತ್ರಿ ಎರಡು ಗಂಟೆಗೂ ಬರುತ್ತದೆಯೇ, ಕನ್ನಡವೊಂದೇ ಬಲ್ಲ ಅಜ್ಜಿಯೊಬ್ಬರು ಎದುರಾದರೆ ಫೋನಿನಲ್ಲಿ ದುಭಾಷಿ ಸಿಗುತ್ತಾರೆಯೇ?