ಮೇಲ್ ಬಂತಾ ಅಂತ ದಿನಕ್ಕೆ ಎಷ್ಟು ಸಲ ನೋಡೋದು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು, ಇಮೇಲನ್ನು ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ನೋಡಿದರೆ ಸಾಕು, ಉಳಿದ ಹೊತ್ತು ಫೋನ್ ಬದಿಗಿಟ್ಟು ನೆಮ್ಮದಿಯಾಗಿರಿ ಅಂತ ಬರೆದಿದ್ದರು. ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ಅದೇ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿ ಕೆಲಸ ಕಳೆದುಕೊಂಡವನು ನಾನು.

ನನ್ನದು ಮನೆಯಲ್ಲೇ ಕೂತು ಅನುವಾದ ಮಾಡುವ ಕೆಲಸ. ಕೆಲಸ ಬರುವುದೂ ಮೇಲ್‌ನಲ್ಲಿ, ಹೋಗುವುದೂ ಮೇಲ್‌ನಲ್ಲಿ. ಒಂದು ದಿನ ಟಿಂಗ್ ಟಿಂಗ್ ಕೇಳಿ ಕೇಳಿ ತಲೆಕೆಟ್ಟು, ಮೇಲ್‌ನ ನೋಟಿಫಿಕೇಶನ್ ಪೂರ್ತಿ ಆರಿಸಿಬಿಟ್ಟೆ. ಮೂರು ದಿನ ಹಾಯಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ 11.10ಕ್ಕೆ ಒಂದು ಸಂಸ್ಥೆಯಿಂದ ಮೇಲ್ ಬಂದಿದೆ: ‘ಎರಡು ಪುಟ ಬದಲಾಗಿದೆ, ಇವತ್ತೇ ಮಾಡಿಕೊಡಲು ಆಗುತ್ತಾ, ಒಂದು ಗಂಟೆಯೊಳಗೆ ತಿಳಿಸಿ.’ ನಾನು ಇನ್‌ಬಾಕ್ಸ್ ತೆರೆದದ್ದು ಸಂಜೆ ಆರಕ್ಕೆ. ಅಷ್ಟರಲ್ಲಿ 12.25ರದ್ದು ಇನ್ನೊಂದು ಬಂದು ಕೂತಿತ್ತು: ‘ಬೇರೆಯವರಿಗೆ ಕೊಟ್ಟಿದ್ದೇವೆ, ಧನ್ಯವಾದ.’ ಆ ಧನ್ಯವಾದ ಇವತ್ತಿಗೂ ಚುಚ್ಚುತ್ತದೆ.

ಅದಾದ ಮೇಲೆ ಶುರುವಾಯಿತು ನೋಡಿ ಉಲ್ಟಾ ರೋಗ. ನಲ್ಲಿ ಕೆಳಗೆ ಬಕೆಟ್ ಇಟ್ಟು ಅದು ತುಂಬುವಷ್ಟರಲ್ಲಿ ಒಂದು ಸಲ ಮೇಲ್ ನೋಡುವುದು. ಶೂ ಲೇಸ್ ಕಟ್ಟಲು ಬಗ್ಗಿದರೆ ಒಂದು ಸಲ. ಹೆಬ್ಬೆರಳು ತಾನಾಗಿ ಪರದೆಯನ್ನು ಕೆಳಗೆ ಎಳೆಯುತ್ತದೆ, ಆ ಪುಟ್ಟ ಚಕ್ರ ಒಂದು ಸುತ್ತು ತಿರುಗುತ್ತದೆ, ಏನೂ ಬಂದಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಎಳೆಯುವುದು. ‘ಅಪ್ಪಾ, ಯಾರ ಮೇಲ್‌ಗೆ ಕಾಯ್ತಿದ್ದೀಯಾ?’ ಅಂತ ಮಗಳು ಕೇಳಿದಳು. ಯಾರದ್ದಕ್ಕೂ ಅಲ್ಲ. ಅದೇ ತಮಾಷೆ.

ಹಾಗಂತ ಆ ಓದುಗರ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 124 ಜನರ ಮೇಲೆ ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದರು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಬೇಕು, ಇನ್ನೊಂದು ವಾರ ಬೇಕಾದಷ್ಟು ಸಲ ನೋಡಬಹುದು. ಕಡಿಮೆ ನೋಡಿದ ವಾರ ಒತ್ತಡವೂ ಕಡಿಮೆ ಇತ್ತು. ಸರಿ, ಒಪ್ಪಿದೆ. ಆದರೆ ಆ ಮೂರು ಸಲದ ನಡುವೆ ನಿಜವಾಗಲೂ ಅರ್ಜೆಂಟ್ ಇರುವ ಒಂದು ಮೇಲ್ ಬಂದರೆ ಏನು ಮಾಡಬೇಕು? ಅದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಈ ಪತ್ರ.

ಮಾಡಬೇಕಾದದ್ದು ಇಷ್ಟೇ: ಎಲ್ಲ ಮೇಲ್‌ಗೂ ಫೋನ್ ಬಾಯಿ ಮುಚ್ಚಿಕೊಂಡಿರಬೇಕು, ನಾಲ್ಕೈದು ವಿಳಾಸಗಳಿಂದ ಬಂದದ್ದಕ್ಕೆ ಮಾತ್ರ ಕೂಗಬೇಕು. ಇದಕ್ಕೆ ಹೊಸ ಆ್ಯಪ್ ಬೇಡ, ದುಡ್ಡೂ ಬೇಡ. ನಮ್ಮ ಫೋನ್‌ಗಳಲ್ಲಿ ಈ ಸೌಲಭ್ಯ ಮೊದಲಿನಿಂದಲೇ ಇದೆ. ನಾವು ಆ ಕಡೆ ಹೋಗಿ ನೋಡಿರುವುದಿಲ್ಲ, ಅಷ್ಟೇ.

ಜಿಮೇಲ್ ಬಳಸುವವರು ಮೊದಲು ಕಂಪ್ಯೂಟರ್‌ನಲ್ಲಿ ಕೂರಬೇಕು, ಯಾಕೆಂದರೆ ಫಿಲ್ಟರ್, ಅಂದರೆ ಬಂದ ಮೇಲ್‌ಗಳನ್ನು ಜಾಲಾಡಿ ಬೇರ್ಪಡಿಸುವ ನಿಯಮ, ಮಾಡುವ ಜಾಗ ಫೋನಿನ ಆ್ಯಪ್‌ನಲ್ಲಿ ಇಲ್ಲ. (ಎಷ್ಟು ಹುಡುಕಿದ್ದೀನಿ ಅಂತ ಕೇಳಬೇಡಿ.) ಮೇಲೆ ಹುಡುಕುವ ಪಟ್ಟಿಯ ಬಲತುದಿಯಲ್ಲಿ ಒಂದು ಪುಟ್ಟ ಚಿಹ್ನೆ ಇರುತ್ತದೆ, ಅದನ್ನು ಒತ್ತಿ ‘ಫ್ರಮ್’ ಅನ್ನುವ ಕಡೆ ನಿಮಗೆ ಮುಖ್ಯವಾದವರ ಮೇಲ್ ವಿಳಾಸ ಹಾಕಿ, ಫಿಲ್ಟರ್ ಮಾಡಿ, ಆ ಮೇಲ್‌ಗಳಿಗೆಲ್ಲ ಒಂದು ಲೇಬಲ್ ಅಂಟಿಸುವಂತೆ ಹೇಳಿ. ನಾನು ಅದಕ್ಕೆ ‘ಈಗಲೇ’ ಅಂತ ಹೆಸರಿಟ್ಟಿದ್ದೇನೆ. ಅಲ್ಲೇ ‘ಯಾವತ್ತೂ ಸ್ಪ್ಯಾಮ್‌ಗೆ ಹಾಕಬೇಡ’ ಅನ್ನುವ ಅರ್ಥದ ಒಂದು ಚೌಕ ಇರುತ್ತದೆ, ಅದಕ್ಕೂ ಟಿಕ್ ಹಾಕಿ. ಇಷ್ಟಾದ ಮೇಲೆ ಆಂಡ್ರಾಯ್ಡ್ ಫೋನಿನ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಬಾಕ್ಸ್‌ನ ನೋಟಿಫಿಕೇಶನ್ ಆಫ್ ಮಾಡಿ, ಲೇಬಲ್‌ಗಳ ಪಟ್ಟಿಯಲ್ಲಿ ‘ಈಗಲೇ’ ಅನ್ನುವುದಕ್ಕೆ ಮಾತ್ರ ನೋಟಿಫಿಕೇಶನ್ ಹಾಕಿ. ಆ ಲೇಬಲ್‌ಗೆ ಮೊದಲು ಸಿಂಕ್ (ಅದರ ಮೇಲ್‌ಗಳು ಫೋನಿಗೆ ತಾವಾಗಿ ಇಳಿದು ಬರುವ ವ್ಯವಸ್ಥೆ) ಆನ್ ಮಾಡಬೇಕು, ಇಲ್ಲದಿದ್ದರೆ ನೋಟಿಫಿಕೇಶನ್ ಬರುವುದಿಲ್ಲ. ಪ್ರತಿ ಮೇಲ್‌ಗೂ ತಿಳಿಸು ಅನ್ನುವುದನ್ನೂ ಆನ್ ಮಾಡಿ. ಅದು ಆಫ್ ಇದ್ದರೆ ಮೊದಲ ಮೇಲ್‌ಗೆ ಸದ್ದು ಮಾಡಿ, ಅದರ ಹಿಂದೆಯೇ ಬಂದವಕ್ಕೆ ಸುಮ್ನಿರುತ್ತದೆ.

ಐಫೋನ್ ಇದ್ದವರಿಗೆ ಇಷ್ಟು ಒದ್ದಾಟ ಇಲ್ಲ. ಅದರಲ್ಲೇ ಬರುವ ಮೇಲ್ ಆ್ಯಪ್‌ನಲ್ಲಿ ವಿಐಪಿ ಅಂತ ಒಂದು ಪಟ್ಟಿ ಇದೆ, 2012ರಿಂದಲೂ ಇದೆ. ಬೇಕಾದವರನ್ನು ಅದಕ್ಕೆ ಸೇರಿಸಿ, ಆ ಪಟ್ಟಿಗೆ ಮಾತ್ರ ನೋಟಿಫಿಕೇಶನ್ ಇಟ್ಟರೆ ಮುಗಿಯಿತು. ಆದರೆ ಒಂದು ಕೊಕ್ಕೆ ಇದೆ. ಜಿಮೇಲ್ ಖಾತೆಯನ್ನು ಆ ಆ್ಯಪ್‌ನಲ್ಲಿ ಹಾಕಿಕೊಂಡರೆ ಮೇಲ್ ಬಂದ ಕ್ಷಣವೇ ಗೊತ್ತಾಗುವುದಿಲ್ಲ, ಫೋನೇ ಆಗಾಗ ಹೋಗಿ ‘ಏನಾದ್ರೂ ಬಂತಾ’ ಅಂತ ಕೇಳಿಕೊಂಡು ಬರುತ್ತದೆ. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಅನ್ನುವುದು ಸೆಟ್ಟಿಂಗ್ಸ್‌ನಲ್ಲಿ ನಾವು ಹೇಳಿದ ಹಾಗೆ. ಅಲ್ಲಿ ‘ಆಟೋಮ್ಯಾಟಿಕ್’ ಅಂತ ಒಂದು ಆಯ್ಕೆ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ಫೋನ್ ಚಾರ್ಜ್‌ಗೆ ಹಾಕಿದ್ದು ವೈಫೈಯೂ ಇದ್ದಾಗ ಮಾತ್ರ ಅದು ನಾವು ಆ್ಯಪ್ ತೆರೆಯದೆಯೂ ತಾನಾಗಿ ಮೇಲ್ ತರುತ್ತದೆ. 15 ನಿಮಿಷ ಅಂತ ಇಡಿ.

ಔಟ್‌ಲುಕ್ ಆ್ಯಪ್‌ನಲ್ಲೂ ಮೆಚ್ಚಿನವರಿಂದ ಬಂದರೆ ಮಾತ್ರ ಸದ್ದು ಮಾಡು ಅಂತ ಹೇಳಬಹುದು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪತ್ರ ಉದ್ದವಾಗುತ್ತದೆ.

ನಾನು ಮಾಡಿಕೊಂಡ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ನಾನು ವಿಳಾಸ ಹಾಕಲೇ ಇಲ್ಲ. ಬುದ್ಧಿವಂತಿಕೆ ಮಾಡಲು ಹೋಗಿ, ‘ಅರ್ಜೆಂಟ್’ ಅನ್ನುವ ಪದ ಇರುವ ಮೇಲ್‌ಗೆಲ್ಲ ಸದ್ದು ಮಾಡು ಅಂತ ಫಿಲ್ಟರ್ ಹಾಕಿದೆ. ಎರಡೇ ದಿನ. ನಿಜವಾದ ಅರ್ಜೆಂಟ್ ಇರುವವರು ಆ ಪದವನ್ನೇ ಬರೆಯುವುದಿಲ್ಲ ಅಂತ ಆಗ ಗೊತ್ತಾಯಿತು, ‘ಆ ಎರಡನೇ ಪುಟ ಒಂಚೂರು ನೋಡ್ತೀರಾ’ ಅಂತ ಸಣ್ಣ ದನಿಯಲ್ಲಿ ಬರೆಯುತ್ತಾರೆ. ಅರ್ಜೆಂಟ್ ಅಂತ ಬೊಬ್ಬೆ ಹೊಡೆಯುವವರು ಇಬ್ಬರೇ, ಡಿಸ್ಕೌಂಟ್ ಮಾರುವವರು ಮತ್ತು ‘24 ಗಂಟೆಯೊಳಗೆ ನಿಮ್ಮ ಖಾತೆ ಬಂದ್ ಆಗುತ್ತದೆ, ಇಲ್ಲಿ ಒತ್ತಿ’ ಅನ್ನುವ ಕಳ್ಳರು. ಅವರಿಗೆ ನಾನೇ ಕರೆದು ಗಂಟೆ ಕೊಟ್ಟ ಹಾಗಾಗಿತ್ತು. ಕೆಂಪು ಆಶ್ಚರ್ಯಸೂಚಕ ಹಾಕಿ ಕಳಿಸುತ್ತಾರಲ್ಲ, ಅದರ ಕತೆಯೂ ಅಷ್ಟೇ. ಅದು ಕಳಿಸುವವರು ತಾವೇ ಒತ್ತುವ ಗುಂಡಿ, ಯಾರು ಬೇಕಾದರೂ ಒತ್ತಬಹುದು.

ಎರಡನೇ ಸಲ ಒಂದು ಸಂಸ್ಥೆಯ ಇಡೀ ಡೊಮೇನ್, ಅಂದರೆ ಆ್ಯಟ್ ಗುರುತಿನ ಆಚೆಗಿರುವ ಭಾಗವನ್ನಷ್ಟೇ ಹಾಕಿದೆ. ಅಲ್ಲಿಂದ ಯಾರು ಕಳಿಸಿದರೂ ಗೊತ್ತಾಗಲಿ ಅಂತ. ರಾತ್ರಿ ಎರಡೂವರೆಗೆ ಫೋನ್ ಕೂಗಿತು. ಗಾಬರಿಯಾಗಿ ಎದ್ದು ಕನ್ನಡಕ ಹುಡುಕಿ ನೋಡಿದರೆ ಅವರ ತಿಂಗಳ ಸುದ್ದಿಪತ್ರ, ‘ನಮ್ಮ ಹೊಸ ಲೋಗೋ ನೋಡಿದಿರಾ?’ ಅಂತ. ಅವತ್ತಿನಿಂದ ಪೂರ್ತಿ ವಿಳಾಸವೇ, ಅದೂ ಮನುಷ್ಯರದ್ದು ಮಾತ್ರ. ಪಟ್ಟಿ ಐದಾರು ಜನರ ಮೇಲೆ ಬೆಳೆಯಲು ಬಿಟ್ಟಿಲ್ಲ. ಒಂದು ಕೆಲಸ ಮುಗಿದರೆ ಅವರ ಹೆಸರು ತೆಗೆಯುತ್ತೇನೆ, ಪಾಪ ಅವರಿಗೇನೂ ಗೊತ್ತಾಗುವುದಿಲ್ಲ ಬಿಡಿ.

ಮೂರನೆಯದು ನನ್ನ ತಪ್ಪಲ್ಲ, ಫೋನಿನದ್ದು. ಎಲ್ಲ ಸರಿಯಾಗಿ ಹಾಕಿದರೂ ಕೆಲವು ಸಲ ಅರ್ಧ ಗಂಟೆ ತಡವಾಗಿ ಸದ್ದು ಬರುತ್ತಿತ್ತು. ಕಾರಣ ಬ್ಯಾಟರಿ ಉಳಿಸುವ ವ್ಯವಸ್ಥೆ. ಆಂಡ್ರಾಯ್ಡ್‌ನಲ್ಲಿ 2015ರ ಆರನೇ ಆವೃತ್ತಿಯಿಂದ, ಫೋನನ್ನು ಮುಟ್ಟದೆ ಟೇಬಲ್ ಮೇಲೆ ಬಿಟ್ಟರೆ ಅದು ಆ್ಯಪ್‌ಗಳನ್ನು ಮಲಗಿಸಿ ಆಗೊಮ್ಮೆ ಈಗೊಮ್ಮೆ ಎಬ್ಬಿಸುತ್ತದೆ. ಅದರ ಮೇಲೆ ಕೆಲವು ಕಂಪನಿಗಳು ತಮ್ಮದೂ ಒಂದಿಷ್ಟು ಕಡಿವಾಣ ಸೇರಿಸುತ್ತವೆ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಮೇಲ್ ಆ್ಯಪ್‌ಗೆ ನಿರ್ಬಂಧ ತೆಗೆದೆ, ಸರಿಹೋಯಿತು. ರಾತ್ರಿ ‘ಡು ನಾಟ್ ಡಿಸ್ಟರ್ಬ್’ ಹಾಕಿ ಮಲಗುವವರು, ಯಾರ ಮೇಲ್‌ಗೆ ಎಚ್ಚರವಾಗಬೇಕೋ ಅದಕ್ಕೆ ಅಲ್ಲೂ ವಿನಾಯಿತಿ ಕೊಡಬೇಕು. ಇಷ್ಟೆಲ್ಲ ಮಾಡಿ ಹಾಗೇ ನಂಬಿ ಕೂರಬೇಡಿ. ಪಟ್ಟಿಯಲ್ಲಿರುವ ಯಾರಿಗಾದರೂ ಹೇಳಿ, ಫೋನ್ ಲಾಕ್ ಮಾಡಿ ಒಂದು ಗಂಟೆ ಮುಟ್ಟದೆ ಇಟ್ಟು, ಆಮೇಲೆ ಒಂದು ಮೇಲ್ ಹಾಕಿಸಿಕೊಂಡು ನೋಡಿ. ನನಗೆ ನನ್ನ ತಂಗಿ ಹಾಕಿದಳು. ‘ಬದುಕಿದ್ದೀಯಾ?’ ಅಂತ ಒಂದೇ ಸಾಲು. ಫೋನ್ ಕೂಗಿತು.

ಇನ್ನು ಕಳಿಸುವವರಿಗೆ ಒಂದು ಮಾತು, ಈ ಪತ್ರ ಬರೆದದ್ದೇ ಮುಖ್ಯವಾಗಿ ಅದಕ್ಕೆ. ಒಂದು ಗಂಟೆಯೊಳಗೆ ಉತ್ತರ ಬೇಕಾದ ವಿಷಯವನ್ನು ಮೇಲ್‌ನಲ್ಲಿ ಮಾತ್ರ ಕಳಿಸಿ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಮೇಲ್ ಅನ್ನುವುದು ಒಂದು ಸರ್ವರ್‌ನಿಂದ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರ್‌ನಿಂದ, ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಬರುವ ಕಾಗದ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ ಬಂದುಬಿಡುತ್ತದೆ, ನಿಜ. ಆದರೆ ಈ ಕಡೆಯ ಸರ್ವರ್ ‘ಈಗ ಆಗಲ್ಲ, ಆಮೇಲೆ ಬಾ’ ಅಂದರೆ ಕಳಿಸುವ ಸರ್ವರ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಸಾಗಿಸುವ ನಿಯಮಾವಳಿಯಲ್ಲೇ ಇದೆ, ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಬಿಡುವುದು ಒಳ್ಳೆಯದು, ಕೈಬಿಡುವ ಮೊದಲು ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು ಅಂತ. ನಾಲ್ಕೈದು ದಿನ! ಇಷ್ಟು ತಾಳ್ಮೆಯ ವ್ಯವಸ್ಥೆಯ ಬೆನ್ನಿಗೆ ‘ಒಂದು ಗಂಟೆಯೊಳಗೆ’ ಅಂತ ಚೀಟಿ ಅಂಟಿಸಿ ಕಳಿಸುವವರನ್ನು ಏನನ್ನಬೇಕು? ಆ 12.25ರ ಮೇಲ್ ಬರೆಯುವ ಹೊತ್ತಿನಲ್ಲಿ ನನಗೊಂದು ಫೋನ್ ಮಾಡಬಹುದಿತ್ತು, ನಂಬರ್ ಪ್ರತಿ ಮೇಲ್‌ನ ಅಡಿಯಲ್ಲೂ ಇರುತ್ತದೆ. ಫೋನ್ ಮಾಡಿದರೆ ತೊಂದರೆ ಕೊಟ್ಟಂತೆ, ಮೇಲ್ ಹಾಕಿದರೆ ಮರ್ಯಾದೆ ಅನ್ನುವ ಭಾವನೆ ಎಲ್ಲಿಂದ ಬಂತೋ. ನನಗಂತೂ ಅರ್ಧ ನಿಮಿಷದ ಕರೆ, ದಿನವಿಡೀ ಇನ್‌ಬಾಕ್ಸ್ ಕಾಯುವುದಕ್ಕಿಂತ ಎಷ್ಟೋ ಮೇಲು.

ಈಗ ನನಗೆ ಕೆಲಸ ಕೊಡುವ ಎಲ್ಲರಿಗೂ ಮೊದಲ ಮೇಲ್‌ನಲ್ಲೇ ಬರೆದುಬಿಡುತ್ತೇನೆ: ಮೇಲ್ ನೋಡುವುದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆರಕ್ಕೆ, ಅವಸರ ಇದ್ದರೆ ಕರೆ ಮಾಡಿ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬರಂತೂ ತಾವೂ ಅದೇ ಸಾಲನ್ನು ತಮ್ಮ ಮೇಲ್‌ನ ಅಡಿಯಲ್ಲಿ ಹಾಕಿಕೊಂಡಿದ್ದಾರೆ.

ಈ ಪತ್ರವನ್ನೂ ಮೇಲ್‌ನಲ್ಲೇ ಕಳಿಸುತ್ತಿದ್ದೇನೆ. ನಿಮ್ಮ ವಿಳಾಸ ‘ಈಗಲೇ’ ಪಟ್ಟಿಯಲ್ಲಿ ಇಲ್ಲ, ಕ್ಷಮಿಸಿ. ಉದ್ದವಾಯಿತು, ಕತ್ತರಿಸಬೇಕು ಅನ್ನಿಸಿದರೆ ಕೇಳದೆ ಕತ್ತರಿಸಿ. ಕೇಳಲೇಬೇಕಿದ್ದರೆ ಫೋನ್ ಮಾಡಿ.

ಇಂತಿ,
ನಿಮ್ಮ ಓದುಗ