ತವರಿಗೆ ಬಂದ ಕೊಕ್ಕರೆಗಳು

ಪ್ರೀತಿಯ ಗೆಳೆಯಾ,

ಊರು ಬಿಡುವಾಗ ನೀನು ಕೊಟ್ಟು ಹೋದ ಬೈನಾಕ್ಯುಲರ್ ಎರಡು ವರ್ಷ ಬೀರುವಿನಲ್ಲೇ ಇತ್ತು. ಹೋದ ಭಾನುವಾರ ಅದನ್ನು ಕೊರಳಿಗೆ ಹಾಕಿಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದೆ. ಕಾರು ಓಡಿಸಿದ್ದು ಅಕ್ಕನ ಮಗಳು. ಬೆಂಗಳೂರು-ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಅಲ್ಲಿಂದ ಸುಮಾರು 12 ಕಿಲೋಮೀಟರ್.

ಊರೊಳಗೆ ಕಾಲಿಡುತ್ತಲೇ ಮೀನಿನ ವಾಸನೆ, ಅದರ ಹಿಂದೆಯೇ ಮರಿಗಳ ಗಲಾಟೆ. ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ. ಹೆಜ್ಜಾರ್ಲೆಯೊಂದು, ಅದೇ ಪೆಲಿಕನ್, ಬಂದು ಗೂಡಿಗಿಳಿಯಿತು. ಅಷ್ಟು ದೊಡ್ಡ ಹಕ್ಕಿ ಇಳಿದ ಭಾರಕ್ಕೆ ಕೊಂಬೆ ಜಗ್ಗಿತು. ಮರಿ ಒಂದು ಕ್ಷಣವೂ ಕಾಯಲಿಲ್ಲ, ತಾಯಿಯ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸಿಬಿಟ್ಟಿತು. ಕುತ್ತಿಗೆವರೆಗೂ ಒಳಗೆ! ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ, ಬಾಲದ ಹತ್ತಿರ ಆ ಗುಲಾಬಿ ಗರಿಗಳು. ನೀನು ಎಷ್ಟು ಸಲ ಹೇಳಿದ್ದೆ, ಫೋಟೋದಲ್ಲಿ ಆ ಬಣ್ಣ ಬರಲ್ಲ ಅಂತ. ನಿಜ ಕಣೋ.

ಅದನ್ನು ನೋಡುತ್ತಾ ನಿಂತವನಿಗೆ 1999ರ ಫೆಬ್ರವರಿ ನೆನಪಾಯಿತು. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ. ಅಕ್ಕನಿಗೆ ಆಗ ಏಳು ತಿಂಗಳು. ಸೀಮಂತ ಮುಗಿಸಿ ಬೆಂಗಳೂರಿನಿಂದ ಮೈಸೂರಿನ ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೆವು. ಬಾಡಿಗೆ ಅಂಬಾಸಿಡರ್ ಕಾರು. ಮುಂದಿನ ಸೀಟಿನಲ್ಲಿ ಅಪ್ಪ, ಹಿಂದೆ ಅಕ್ಕ, ಅಮ್ಮ, ನಾನು. ಅಕ್ಕ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮೊದಲ ಹೆರಿಗೆ, ಹೆದರಿದ್ದಳು. ಅಪ್ಪ ಇದ್ದಕ್ಕಿದ್ದ ಹಾಗೆ ಡ್ರೈವರಿಗೆ ಕಾರು ಎಡಕ್ಕೆ ತಿರುಗಿಸಲು ಹೇಳಿದರು. "ಬಸುರಿ ಹುಡುಗಿಯನ್ನ ಹಳ್ಳಿ ರಸ್ತೆಯಲ್ಲಿ ಕುಲುಕಾಡಿಸ್ತೀರಲ್ಲ" ಅಂತ ಅಮ್ಮ ಬೈದದ್ದು ಇನ್ನೂ ಕಿವಿಯಲ್ಲಿದೆ.

ಒಂದು ಜಗಲಿಯ ಮೇಲೆ ಅಜ್ಜಿಯೊಬ್ಬರು ಕೂತಿದ್ದರು. ಅಕ್ಕನ ಹೊಟ್ಟೆ ನೋಡಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮರದ ಕಡೆ ಕೈ ತೋರಿಸಿ, "ಇವೂ ನಮ್ಮ ಹೆಣ್ಮಕ್ಳೇ ಕಣವ್ವ. ಹೆರಿಗೆಗೆ ತವರಿಗೆ ಬತ್ತವೆ. ನೀನೂ ತವರಿಗೇ ಹೊಂಟಿದ್ದೀಯ ಅಲ್ವಾ?" ಅಂದರು. ಅಕ್ಕನ ಕಣ್ಣು ತುಂಬಿತು. ಆಮೇಲೆ ಮೆಲ್ಲಗೆ, ಹುಣಸೆಹಣ್ಣು ತಿನ್ನಬೇಕು ಅನಿಸ್ತಿದೆ ಅಂದಳು. ದಿನವಿಡೀ ಅವಳು ಆಡಿದ ಮೊದಲ ಮಾತು ಅದು. "ಈ ಮರದ್ದು ಬಡಿಯಕ್ಕಿಲ್ಲ ಕಣವ್ವ, ಮರಿಗಳವೆ" ಅಂತ ಹೇಳಿ ಆ ಅಜ್ಜಿ ಒಳಗೆ ಹೋಗಿ, ಬೇರೆ ಮರದ ಹಣ್ಣನ್ನು ಸೆರಗಿನಲ್ಲಿ ತಂದು ಮಡಿಲಿಗೆ ಹಾಕಿದರು.

ಹುಣಸೆ ಅವರಿಗೆ ದುಡ್ಡಿನ ಬೆಳೆ, ಗೊತ್ತಲ್ವಾ. ಗೂಡಿರುವ ಮರದ ಫಸಲನ್ನು ಮರಿಗಳಿಗೋಸ್ಕರ ಬಿಟ್ಟುಕೊಡುವುದು ಸಣ್ಣ ಮಾತಲ್ಲ. 1976ರಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಇಲ್ಲಿನ ಹೆಜ್ಜಾರ್ಲೆಗಳ ವಿಷಯ ಹೊರಗಿನವರಿಗೆ ತಿಳಿಯಿತು. 2007ರಲ್ಲಿ ಹಕ್ಕಿಗಳ ರಕ್ಷಣೆಗಾಗಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಊರಿನವರೇ ಇವನ್ನು ಕಾಯುತ್ತಾ ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿದ 'ಹೆಜ್ಜಾರ್ಲೆ ಬಳಗ'ದವರೂ ಅದೇ ಊರಿನ ಹುಡುಗರು.

ಆವತ್ತು ಹೊಟ್ಟೆಯಲ್ಲಿದ್ದವಳೇ ಭಾನುವಾರ ನನ್ನ ಪಕ್ಕ ನಿಂತು, "ಮಾಮ, ನನಗೂ ಕೊಡಿ" ಅಂತ ಬೈನಾಕ್ಯುಲರ್ ಕಿತ್ತುಕೊಂಡಳು. ಅವಳಿಗೆ ಈ ಕಥೆಯನ್ನು ಅಲ್ಲೇ ಹೇಳಿದೆ. ತಕ್ಷಣ ಅವಳಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಆ ಜಗಲಿ ಯಾವುದು ಅಂತ ನನಗೆ ಗುರುತು ಸಿಗಲಿಲ್ಲ, ಎರಡು ಬೀದಿ ಹುಡುಕಿದೆ. ಅಕ್ಕ ಫೋನಿನಲ್ಲಿ ಮರಗಳನ್ನು ನೋಡುತ್ತಾ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪ ಆವತ್ತು ನನಗೋಸ್ಕರ ಕಾರು ತಿರುಗಿಸಿದ್ದು ಕಣೋ. ಹಕ್ಕಿ ನೋಡೋಕಲ್ಲ" ಅಂದಳು.

ಇಷ್ಟು ವರ್ಷ ನನಗದು ಹೊಳೆದೇ ಇರಲಿಲ್ಲ. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು, ಈಗ ಕೇಳುವುದಾದರೂ ಯಾರನ್ನು?

ಬರುವಾಗ ಒಬ್ಬರ ಮನೆಯಲ್ಲಿ ಒಂದು ಕೆಜಿ ಹುಣಸೆಹಣ್ಣು ಕೊಂಡೆವು. ಅರ್ಧ ಅಕ್ಕನಿಗೆ ಕೊಟ್ಟೆ, ಅರ್ಧ ನಿನಗೆ ಅಂತ ಎತ್ತಿಟ್ಟಿದ್ದೇನೆ. ಮೇ ಒಳಗೆ ಬಂದರೆ ಮರಿಗಳೂ ಇರುತ್ತವೆ. ಬಾ.

ನಿನ್ನ ಗೆಳೆಯ