ಪಾರ್ಕಿನ ಬೀಗ ತೆಗೆಸಿ ಸಾರ್: ನಮ್ಮ ವಾರ್ಡಿನ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಿಮ್ಮದೇ ವಾರ್ಡಿನವಳು ಬರೆಯುತ್ತಿದ್ದೇನೆ. ಮನವಿ ಕೊಟ್ಟಾಯ್ತು, ಫೋನ್ ಮಾಡಾಯ್ತು, ನಿಮ್ಮ ಮನೆ ಜಗಲಿಯಲ್ಲಿ ಕಾದು ಕೂತಿದ್ದೂ ಆಯ್ತು. ಮನವಿಗೆ ಸೀಲ್ ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈಗ ನಾಲ್ಕು ಜನರ ಎದುರಿಗೆ ಕೇಳುತ್ತಿದ್ದೇನೆ. ಕೇಳುವುದು ಒಂದೇ. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಏಳರಿಂದ ಹತ್ತರವರೆಗೆ, ನಮ್ಮ ಬಡಾವಣೆಯ ಪಾರ್ಕಿನ ಬೀಗ ತೆಗೆಸಿ. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.

ನಾವು ಯಾರು ಅಂತ ನಿಮಗೆ ಗೊತ್ತು, ಓದುವವರಿಗೂ ಗೊತ್ತಾಗಲಿ. ಗಿಡದ ಹುಚ್ಚಿನವರು. ಸಂಘ ಇಲ್ಲ, ಬ್ಯಾನರ್ ಇಲ್ಲ. ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಜನ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಆಟೋ ಓಡಿಸುವ ಒಬ್ಬ ಹುಡುಗ, ಹೈಸ್ಕೂಲಿನ ನಾಲ್ಕೈದು ಮಕ್ಕಳು, ಕೊನೆ ಮನೆ ಅಜ್ಜಿ, ನನ್ನಂಥ ಗೃಹಿಣಿಯರು. ಎರಡನೇ ಭಾನುವಾರ ಪಾರ್ಕಿನ ಹೊಂಗೆ ಮರದ ಕೆಳಗೆ ಸೇರುತ್ತಿದ್ದೆವು. ಮನೆಯಲ್ಲಿ ಜಾಸ್ತಿ ಆದದ್ದನ್ನು ತರುವುದು, ಇಲ್ಲದ್ದನ್ನು ಒಯ್ಯುವುದು. ದಾಸವಾಳದ ಕಡ್ಡಿ, ಸೇವಂತಿಗೆ ಬುಡ, ಒಂದೆಲಗ, ಬಸಳೆ ಬಳ್ಳಿ, ಸೂಜಿಮೆಣಸಿನ ಅಗೆ. ದುಡ್ಡಿನ ಮಾತೇ ಇಲ್ಲ. ಕಾಡಿನ ಮರದಿಂದ ಕಿತ್ತು ತಂದ ಸೀತಾಳೆ ದಂಡೆಯನ್ನು (ಮರದ ಮೇಲೆ ಬೆಳೆಯುವ ಆರ್ಕಿಡ್) ಯಾರೂ ಮುಟ್ಟಬಾರದು, ಗಾಳಿಗೆ ಬಿದ್ದ ಕೊಂಬೆಯದ್ದಾದರೆ ಸರಿ ಅಂತ ಅಜ್ಜಿ ಒಂದು ಕಾನೂನು ಮಾಡಿದ್ದಾರೆ. ಆ ಕಾನೂನನ್ನು ಎಲ್ಲರೂ ಪಾಲಿಸುತ್ತಾರೆ. ಇದನ್ನು ಬೇಕೆಂದೇ ಹೇಳಿದೆ.

ಮೊದಲು ವಾಚ್‌ಮನ್ ಬೆಳಿಗ್ಗೆ ಆರಕ್ಕೇ ಗೇಟ್ ತೆಗೆಯುತ್ತಿದ್ದರು. ಆಮೇಲೆ ಭಾನುವಾರ ತೆಗೆಯಲ್ಲ ಅಂದರು. ಆಮೇಲೆ ಅನುಮತಿ ಪತ್ರ ತನ್ನಿ ಅಂದರು. ಪತ್ರ ಯಾರು ಕೊಡಬೇಕು ಅಂದರೆ ಕಂಟ್ರಾಕ್ಟರ್ ಇಂಜಿನಿಯರ್ ಕಡೆ ಕೈ ತೋರಿಸಿದರು, ಇಂಜಿನಿಯರ್ ನಿಮ್ಮ ಕಡೆ ತೋರಿಸಿದರು, ನೀವು 'ನೋಡೋಣ ಬನ್ನಿ ಅಮ್ಮ' ಅಂದಿರಿ. ಇವತ್ತಿಗೂ ನೋಡುತ್ತಲೇ ಇದ್ದೀರಿ.

ಫೆಬ್ರವರಿಯಲ್ಲಿ ಹಕ್ಕಿ ಎಣಿಕೆ ಬರುತ್ತದೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ, 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ನಮ್ಮ ದೇಶದಲ್ಲೂ ನಾಲ್ಕು ದಿನ ನಡೆಯುತ್ತದೆ. ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಬರೆದುಕೊಂಡರೆ ಸಾಕು. ಈ ವರ್ಷ ನಮ್ಮ ಮಕ್ಕಳು ರಸ್ತೆಯಲ್ಲಿ ನಿಂತು ಗ್ರಿಲ್ ಸಂದಿಯಿಂದ ಎಣಿಸಿದರು. ಮಡಿವಾಳ ಹಕ್ಕಿ, ಪಿಕಳಾರ, ಕುಟ್ರು, ಸೂರಕ್ಕಿ ಎಲ್ಲಾ ಒಳಗೆ. ನಿಮ್ಮ ಮತದಾರರ ಮಕ್ಕಳು ಹೊರಗೆ, ಮೋರಿ ಪಕ್ಕ. ಪುಣ್ಯಕ್ಕೆ ಹಕ್ಕಿಗಳ ಹತ್ತಿರ ಇನ್ನೂ ಯಾರೂ ಅನುಮತಿ ಪತ್ರ ಕೇಳಿಲ್ಲ.

ಈಗ ನನ್ನ ಕಥೆ ಸ್ವಲ್ಪ. ಬೇಜಾರಾದರೂ ಓದಿ, ನಿಮ್ಮ ಜಗಲಿಯಲ್ಲಿ ಕೂತು ನಿಮ್ಮ ಭಾಷಣ ನಾನೂ ಕೇಳಿದ್ದೇನೆ.

ಆಲ್ದೂರಿನ ಕಡೆಯವಳು ನಾನು. ಅಲ್ಲಿ ಮಳೆಗಾಲ ಬಂತೆಂದರೆ ಅಂಗಳದಲ್ಲಿ ಡೇರೆ ಹೂವಿನದ್ದೇ (ಡೇಲಿಯಾ ಅಂತಾರಲ್ಲ, ಅದು) ದರ್ಬಾರು. ಗೌರಿ ಹಬ್ಬದ ಹೊತ್ತಿಗೆ ಯಾರ ಮನೆಯಲ್ಲಿ ಯಾವ ಬಣ್ಣ ಬಿಟ್ಟಿದೆ ಅಂತ ನೋಡೋದಕ್ಕೇ ಹೆಂಗಸರು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳ ಓದಿಗೆ ಅಂತ ಪೇಟೆಗೆ ಬಂದೆವು. ಬಾಡಿಗೆಗೆ ಸಿಕ್ಕಿದ್ದು ಮೇಲಿನ ಮನೆ. ಮಾಲೀಕರು ಒಳ್ಳೆಯವರೇ. ಆದರೆ ತಾರಸಿಯಲ್ಲಿ ಪಾಟ್ ಇಟ್ಟರೆ ಕೆಳಗಿನ ಮನೆ ಸೋರುತ್ತದೆ ಅಂತಾರೆ. ಮೆಟ್ಟಿಲ ಮೇಲೆ ಇಟ್ಟರೆ ಸಿಲಿಂಡರ್ ತರುವವನ ಕಾಲಿಗೆ ಸಿಗುತ್ತದೆ. ಬಚ್ಚಲುಮನೆ ಕಿಟಕಿಯಲ್ಲಿ ಒಂದು ಡೇರೆ ಇಟ್ಟು ನೋಡಿದೆ. ಬಿಸಿಲಿಲ್ಲದೆ ಉದ್ದಕ್ಕೆ ಬೆಳೆದು ಬಾಗಿ ಬಿತ್ತು, ಒಂದು ಮೊಗ್ಗು ಬಿಡಲಿಲ್ಲ. ಗಿಡ ಇಲ್ಲದೆ ಬದುಕೋಕೆ ಆಗಲ್ವಾ ಅಂತ ನೀವು ಕೇಳಬಹುದು. ಆಗುತ್ತೆ ಸಾರ್, ಆದರೆ ಮನಸ್ಸಿಗೆ ಸಮಾಧಾನ ಇರಲ್ಲ.

ಪಾರ್ಕಿನ ಕಾಂಪೌಂಡ್ ಪಕ್ಕ ಒಂದು ಪಟ್ಟಿ ಜಾಗ ಇತ್ತು. ಕಟ್ಟಡದ ಚೂರು, ಕಲ್ಲು, ಬಾಟ್ಲಿ ತುಂಬಿದ್ದ ಜಾಗ. ಎಲ್ಲರೂ ಸೇರಿ ಕಲ್ಲು ಆರಿಸಿ, ದರಗು (ಒಣಗಿ ಉದುರಿದ ಎಲೆ) ಕೊಳೆಸಿ ಹಾಕಿ, ಡೇರೆ ಪಾತಿ ಮಾಡಿದೆವು. ಮೊದಲ ಹೂವು ಬಿಟ್ಟಾಗ ನೀವೇ ಬಂದು ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಿ. 'ಹಸಿರು ವಾರ್ಡ್, ನಮ್ಮ ಹೆಮ್ಮೆ' ಅಂತ ಹಾಕಿಕೊಂಡಿರಿ. ಫೋಟೋ ಚೆನ್ನಾಗಿ ಬಂದಿತ್ತು.

ಡೇರೆ ಗೆಡ್ಡೆ ಹಂಚುವುದು ಒಂದು ಕೆಲಸವಾ ಅಂತ ನಿಮ್ಮ ಪಿ.ಎ. ನಕ್ಕರು. ಅವರಿಗೂ ತಿಳಿಯಲಿ. ಆಲೂಗಡ್ಡೆಗೆ ಮೈಯೆಲ್ಲಾ ಕಣ್ಣು, ಹೇಗೆ ಕೊಯ್ದರೂ ನಡೆಯುತ್ತದೆ. ಡೇರೆಗೆ ಕಣ್ಣಿರುವುದು ಕುತ್ತಿಗೆಯಲ್ಲಿ, ಹಳೆ ದಂಟು ಸೇರುವ ಜಾಗದಲ್ಲಿ ಮಾತ್ರ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ, ಮಣ್ಣಲ್ಲಿ ಸುಮ್ನೆ ಕೊಳೆಯುತ್ತದೆ. ಅದಕ್ಕೇ ಮೊಳಕೆ ತಲೆ ಎತ್ತುವವರೆಗೆ ಕಾದು, ತುಂಡಿಗೊಂದು ಕಣ್ಣು ಬರುವ ಹಾಗೆ ಕೊಯ್ದು, ಕೊಯ್ದ ಕಡೆಗೆ ಒಲೆ ಬೂದಿ ಹಚ್ಚಬೇಕು. ಅಜ್ಜಿ ಕುಡುಗೋಲಿನ ತುದಿಯಲ್ಲಿ ಅದನ್ನು ಮಾಡುವುದನ್ನು ನೋಡಲು ಆಟೋ ಹುಡುಗ ಬಾಡಿಗೆ ಬಿಟ್ಟು ಬರುತ್ತಿದ್ದ. ಇದನ್ನು ಮೊಬೈಲಿನಲ್ಲಿ ನೋಡಿ ಕಲಿಯೋಕೆ ಆಗಲ್ಲ. ಗೆಡ್ಡೆ ಕೈಯಲ್ಲಿ ಹಿಡಿದು, 'ಇಗೋ ಇಲ್ಲಿ ನೋಡು' ಅಂತ ತೋರಿಸಬೇಕು. ಅದಕ್ಕೊಂದು ಜಾಗ ಬೇಕು. ನಮ್ಮ ಯಾರ ಮನೆಯಲ್ಲೂ ಇಪ್ಪತ್ತು ಜನ ಕೂರುವಷ್ಟು ಜಾಗ ಇಲ್ಲ. ಪಾರ್ಕ್ ಇದೆ. ಅದರ ಬೀಗ ತೆಗೆಸಿ.

ಈಗ ಜೂನ್ ತಿಂಗಳಿಗೆ ಬರೋಣ. ಮೃಗಶಿರಾ ಮಳೆ ಹಿಡಿದಿತ್ತು. 'ಈ ಸಲ ನಾನೇ ಹೇಳಿ ತೆಗೆಸ್ತೀನಿ, ನೀವು ಬನ್ನಿ' ಅಂತ ಫೋನಿನಲ್ಲಿ ಅಂದವರು ನೀವು. ಆ ಮಾತು ನಂಬಿ ಊರಿನಿಂದ ಗೋಣಿಚೀಲದ ತುಂಬಾ ಗೆಡ್ಡೆ ತರಿಸಿದೆ. ಬಸ್ಸಿನಲ್ಲಿ ಚೀಲಕ್ಕೂ ಟಿಕೆಟ್ ಆಯ್ತು. ಭಾನುವಾರ ಏಳು ಗಂಟೆಗೆ ಹೋದರೆ ಗೇಟಿಗೆ ಬೀಗ. ಪಕ್ಕದಲ್ಲಿ ಹೊಸ ಬೋರ್ಡ್ ಬೇರೆ: 'ಪಾರ್ಕಿನ ರಕ್ಷಣೆಗಾಗಿ ಗುಂಪು ಸೇರುವುದನ್ನು ನಿಷೇಧಿಸಲಾಗಿದೆ.'

ಒಳಗೆ ನೋಡಿದರೆ ಶಾಮಿಯಾನ ಬಿಚ್ಚುತ್ತಿದ್ದಾರೆ. ಹಿಂದಿನ ರಾತ್ರಿ ಮುಖಂಡರೊಬ್ಬರ ಹುಟ್ಟುಹಬ್ಬ. ಹೆಸರು ಬೇಡ, ಫ್ಲೆಕ್ಸ್‌ನಲ್ಲಿ ಅವರ ಪಕ್ಕ ನಿಮ್ಮ ಫೋಟೋನೂ ಇತ್ತು. ಶಾಮಿಯಾನದ ಕಂಬಗಳನ್ನು ಎಲ್ಲಿ ಹುಗಿದಿದ್ದರು ಗೊತ್ತಾ? ಡೇರೆ ಪಾತಿಯಲ್ಲಿ. ಯಾಕೆಂದರೆ ಇಡೀ ಪಾರ್ಕಿನಲ್ಲಿ ಮಣ್ಣು ಮೆತ್ತಗಿದ್ದದ್ದು ಅಲ್ಲೊಂದೇ ಕಡೆ, ಮೆತ್ತಗೆ ಮಾಡಿದವರು ನಾವು. ಉಳಿದ ಪಲಾವ್ ದಾಸವಾಳದ ಬುಡಕ್ಕೆ ಸುರಿದಿದ್ದರು. ಪೇಪರ್ ತಟ್ಟೆಗಳು ಒಂದೆಲಗದ ಮೇಲೆ. ಕಿತ್ತು ಎಸೆದ ಗೆಡ್ಡೆಯೊಂದು ಇಂಟರ್‌ಲಾಕ್ ಮೇಲೆ ಬಿದ್ದಿತ್ತು. ಕುತ್ತಿಗೆಯಲ್ಲಿ ಬೆರಳುದ್ದದ ಬಿಳಿ ಮೊಳಕೆ ಹಾಗೇ ಇತ್ತು, ತುದಿಯಲ್ಲಿ ಎರಡು ಎಲೆ ಇನ್ನೂ ಮಡಚಿಕೊಂಡೇ ಇದ್ದವು. ಕುರ್ಚಿ ಲೋಡ್ ಮಾಡುತ್ತಿದ್ದ ಹುಡುಗ ಅದನ್ನು ಎತ್ತಿ ಗ್ರಿಲ್ ಹತ್ತಿರ ತಂದು, 'ಅಕ್ಕಾ, ಇದು ಗೆಣಸಾ?' ಅಂತ ಕೇಳಿದ. ಪಾಪ, ಅವನದೇನು ತಪ್ಪು.

ವಾಚ್‌ಮನ್ ಹತ್ತಿರ ಕೀ ಕೇಳಿದೆವು. 'ನನ್ನ ಹತ್ರ ಇಲ್ಲ ಅಕ್ಕಾ, ರಾತ್ರಿ ಕಾರ್ಯಕ್ರಮದವರು ಇಸ್ಕೊಂಡೋದ್ರು' ಅಂದರು. ನಿಮಗೆ ಫೋನ್ ಮಾಡಿದರೆ ಪಿ.ಎ. ಎತ್ತಿ, 'ಮೇಡಂ, ಇವತ್ತು ಪಾರ್ಕ್ ಕ್ಲೀನಿಂಗ್ ಇದೆ' ಅಂದರು. ಮಳೆ ಜೋರಾಯ್ತು. ಮುಚ್ಚಿದ ಅಂಗಡಿಯೊಂದರ ಶಟರ್ ಕೆಳಗೆ ನಿಂತೆವು. ಅಜ್ಜಿ ಮಾತಾಡದೆ ಮನೆಗೆ ಹೋದರು, ಆಮೇಲೆ ಇವತ್ತಿನವರೆಗೆ ಬಂದಿಲ್ಲ. ನೆಂದ ಚೀಲವನ್ನು ಮತ್ತೆ ಮೆಟ್ಟಿಲು ಹತ್ತಿಸಿದೆ. ಇಡಲು ಜಾಗ ಇಲ್ಲದೆ ಬಚ್ಚಲುಮನೆಯಲ್ಲಿಟ್ಟೆ. ಒದ್ದೆ ಗೋಣಿಯಲ್ಲಿ ಗೆಡ್ಡೆ ಎಷ್ಟು ದಿನ ಇರುತ್ತೆ? ಕೊಳೆತವು. ವಾಸನೆಗೆ ಕೆಳಗಿನ ಮನೆಯವರು ಮೇಲೆ ಬಂದು ಕೇಳಿದರು. ಅವರಿಗೆ ನಾನು ಏನು ಹೇಳಲಿ, ನಮ್ಮ ಸದಸ್ಯರು ಮಾತು ಕೊಟ್ಟಿದ್ದರು ಅಂತಲಾ?

ಸೋಮವಾರ ಆ ತಟ್ಟೆ, ಪಲಾವ್ ಎಲ್ಲಾ ಬಳಿದದ್ದು ಪೌರಕಾರ್ಮಿಕ ಹೆಂಗಸರು, ಬರಿಗೈಯಲ್ಲಿ. ಹುಟ್ಟುಹಬ್ಬದವರು ಯಾರೂ ಈ ಕಡೆ ಬರಲಿಲ್ಲ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸಲು 1985ರ ಕಾಯ್ದೆ ಇದೆ, ನಿಮಗೆ ಗೊತ್ತೇ ಇರುತ್ತದೆ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮದಲ್ಲಿ, ಲೈಸೆನ್ಸ್ ಇಲ್ಲದ ಜಾಗದಲ್ಲಿ 100ಕ್ಕಿಂತ ಜಾಸ್ತಿ ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಅಲ್ಲೇ ಬೇರೆ ಮಾಡಿ ಕೊಡಬೇಕು ಅಂತ ಆಗಲೇ ಬರೆದಿತ್ತು. ಅದೂ ಗೊತ್ತಿರುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲು ಹೊರಟಾಗ, ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋಗಿ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ನಾವು ಕೋರ್ಟಿಗೆ ಹೋಗುವವರಲ್ಲ. ಬೀಗ ತೆಗೆಸಿ ಅಂತಷ್ಟೇ ಕೇಳುತ್ತಿದ್ದೇವೆ.

ಜನ ಸೇರಿದರೆ ಪಾರ್ಕ್ ಹಾಳಾಗುತ್ತೆ ಅಂತ ನಿಮ್ಮ ಇಂಜಿನಿಯರ್ ಹೇಳುತ್ತಾರೆ. ಹೊಂಗೆ ಸಸಿಗಳನ್ನು ಹಾಳು ಮಾಡಿದ್ದು ಯಾರು? ಕಂಟ್ರಾಕ್ಟರ್ ಕಡೆಯವರು ವೀಡ್ ಕಟರ್ ಹಿಡಿದು ಹುಲ್ಲು ಹೊಡೆಯುವಾಗ ಬುಡಕ್ಕೇ ತಾಗಿಸಿದರು. ನೈಲಾನ್ ದಾರ ತಿರುಗಿ ಸುತ್ತಲೂ ತೊಗಟೆ ಹಾರಿಹೋಗಿತ್ತು, ಬಳೆ ತೊಡಿಸುವಷ್ಟು ಅಗಲಕ್ಕೆ. ಸುತ್ತ ತೊಗಟೆ ಹೋದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಸ್ವಲ್ಪ ದಿನ ಹಸಿರಾಗೇ ಇರುತ್ತದೆ, ಆಮೇಲೆ ಬೇರು ಸತ್ತು ಗಿಡ ಒಣಗುತ್ತದೆ. ಬುಡದ ಸುತ್ತ ಒಂದು ಮೊಳ ಜಾಗದ ಹುಲ್ಲನ್ನು ಕೈಯಲ್ಲಿ ಕಿತ್ತು ದರಗು ಮುಚ್ಚಿದರೆ ಈ ತಾಪತ್ರಯವೇ ಇಲ್ಲ. ಅದನ್ನು ಬಿಟ್ಟಿ ಮಾಡಿಕೊಡ್ತೀವಿ ಅಂದೆವು. ಒಳಗೆ ಬಿಟ್ಟರೆ ತಾನೇ?

ಇನ್ನೊಂದು ಸಲಹೆ ನಿಮ್ಮ ಆಫೀಸಿನಿಂದ ಬಂತು. ಸಂಘ ನೋಂದಣಿ ಮಾಡಿಸಿ, ಆಮೇಲೆ ಬನ್ನಿ ಅಂತ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಂಘ ಮಾಡಬಹುದು, ನಮ್ಮಲ್ಲಿ ಜನಕ್ಕೆ ಬರ ಇಲ್ಲ. ಆದರೆ ದಾಸವಾಳದ ಕಡ್ಡಿ ಕೊಡುವುದಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಯಾಕೆ ಸಾರ್? ಖಜಾಂಚಿ ಏನು ಎಣಿಸಬೇಕು, ಸಗಣಿ ಗೊಬ್ಬರದ ಬುಟ್ಟಿಯನ್ನಾ? ಹುಟ್ಟುಹಬ್ಬದವರ ಸಂಘ ಎಲ್ಲಿ ನೋಂದಣಿ ಆಗಿದೆ, ಅದನ್ನೂ ತಿಳಿಸಿ.

ಬೆಂಗಳೂರಿನಲ್ಲಿ ತಾರಸಿ ತೋಟದವರು 2011ರಿಂದ 'ಊಟ ಫ್ರಂ ಯುವರ್ ತೋಟ' ಅಂತ ಸಂತೆ ಮಾಡುತ್ತಾ ಬಂದಿದ್ದಾರೆ. ಮರ ಪ್ರೀತಿಸುವವರು ಸೇರಿ 2014ರಲ್ಲಿ 'ನೆರಳು' ಅಂತ ಮರಗಳ ಹಬ್ಬವನ್ನೇ ಶುರು ಮಾಡಿದರು. ನಮಗೆ ಅಷ್ಟೆಲ್ಲಾ ಬೇಡ ಮಾರಾಯ್ರೆ, ಮೂರು ಗಂಟೆ ಗೇಟ್ ತೆರೆದಿದ್ದರೆ ಸಾಕು. ಅಲ್ಲ, ಬೇರೆ ಯಾವ ಊರಿನವರಾದರೂ ಹೀಗೆ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಜಿಲ್ಲೆ ಅನ್ನ ತಿನ್ನುತ್ತಿರುವುದೇ ಬಾಬಾ ಬುಡನ್ ಯೆಮೆನ್‌ನಿಂದ ತಂದರು ಅನ್ನುವ ಏಳು ಕಾಫಿ ಬೀಜದಿಂದ. ಅವತ್ತು ಗಿರಿಯ ಬುಡದಲ್ಲಿ ಒಂದು ಗೇಟ್, ಒಂದು ಬೋರ್ಡ್, 'ಪತ್ರ ತನ್ನಿ' ಅನ್ನುವ ಒಬ್ಬ ಇಂಜಿನಿಯರ್ ಇದ್ದಿದ್ದರೆ ಇವತ್ತು ನಿಮ್ಮ ಮನೆಯಲ್ಲಿ ಬಂದವರಿಗೆಲ್ಲಾ ಏನು ಕುಡಿಯೋಕೆ ಕೊಡುತ್ತಿದ್ದಿರೋ.

ಸಿಟ್ಟಿನಲ್ಲಿ ಒಂದೆರಡು ಮಾತು ಹೆಚ್ಚಾಗಿರಬಹುದು. ಇರಲಿ, ಅಳಿಸುವುದಿಲ್ಲ. ವೋಟು ಕೇಳಲು ಬಂದಾಗ ಇದೇ ಗೇಟಿನಲ್ಲಿ ನಿಂತು ಕೈಮುಗಿದಿದ್ದಿರಿ. ಅವತ್ತು ಬೀಗ ಇರಲಿಲ್ಲ.

ಈಗಲೂ ಕೇಳುವುದು ಅದೇ. ಎರಡನೇ ಭಾನುವಾರ, ಏಳರಿಂದ ಹತ್ತು, ಗೇಟ್ ತೆರೆದಿರಲಿ. ಆ ಬೋರ್ಡ್ ತೆಗೆಸಿ, ಇಲ್ಲವೇ ಎಲ್ಲರಿಗೂ ಅನ್ವಯಿಸಿ. ಮಳೆ ಇನ್ನೂ ಇದೆ, ಈಗ ನೆಟ್ಟ ಕಡ್ಡಿ ಬೇರು ಹಿಡಿಯುತ್ತದೆ. ಮಳೆ ಹೋದ ಮೇಲೆ ನೀವು ಅನುಮತಿ ಕೊಟ್ಟರೆ ಅದನ್ನು ಇಟ್ಟುಕೊಂಡು ಏನು ಮಾಡಲಿ?

ಬರುವ ಎರಡನೇ ಭಾನುವಾರ ನಾವು ಬರುತ್ತೇವೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ. ಅಷ್ಟರೊಳಗೆ ಪತ್ರ ಕಳಿಸಿ. ಫೋನ್ ಬೇಡ, ನಿಮ್ಮ ಫೋನಿನ ಮಾತು ನಂಬಿ ಒಂದು ಚೀಲ ಗೆಡ್ಡೆ ಹಾಳಾಗಿದೆ. ಕೀ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಆ ಪತ್ರದಲ್ಲೇ ಬರೆದುಬಿಡಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರಳು
ಚಿಕ್ಕಮಗಳೂರು